ಕಿಂಡಿಯಲ್ಲಿ ಕಂಡದ್ದು, ಸೆನ್ಸರಿನಲ್ಲಿ ಮೂಡಿದ್ದು

ನಿಕಾನ್ ಕಂಪನಿ 1959ರಲ್ಲಿ ‘ಎಫ್’ ಹೆಸರಿನ ಕ್ಯಾಮರಾ ಹೊರತಂದಾಗ, ಲೆನ್ಸ್ ಕೂರಿಸಲು ಅದರ ಮುಂಭಾಗದಲ್ಲಿ ಒಂದು ಲೋಹದ ಬಳೆ ಇಟ್ಟಿತು. ಆ ಬಳೆಯಿಂದ ಒಳಗಿನ ಫಿಲ್ಮಿಗೆ 46.5 ಮಿ.ಮೀ. ದೂರ. ಆಮೇಲೆ ಫಿಲ್ಮ್ ಹೋಗಿ ಸೆನ್ಸರ್ ಬಂತು. ಬಳೆ ಮಾತ್ರ ಹಾಗೇ ಉಳಿಯಿತು, ಆ 46.5 ಮಿ.ಮೀ. ಕೂಡ ಉಳಿಯಿತು. ಹೀಗಾಗಿ 1977ರಲ್ಲಿ ಶುರುವಾದ ‘ಎಐ’ ಸರಣಿಯ ಲೆನ್ಸೊಂದನ್ನು 2017ರ ಡಿ850 ಕ್ಯಾಮರಾಕ್ಕೆ ಇಟ್ಟು ತಿರುಗಿಸಿದರೆ ಟಕ್ಕೆಂದು ಕೂರುತ್ತದೆ. ಕೆನಾನ್ ಕಥೆ ಇದಕ್ಕಿಂತ ಮಜವಾಗಿದೆ. 1987ರಲ್ಲಿ ಅದು ಹಳೆಯ ಬಳೆಯನ್ನು ಕೈಬಿಟ್ಟು 44 ಮಿ.ಮೀ. ದೂರದ ಹೊಸ ‘ಇಎಫ್’ ಬಳೆಗೆ ಹೋಯಿತು. ನಡುವೆ 2.5 ಮಿ.ಮೀ. ದಪ್ಪದ ಉಂಗುರ ಇಟ್ಟರೆ ನಿಕಾನ್ ಲೆನ್ಸ್ ಕೂರುತ್ತದೆ. ಒಂದೂವರೆ ಮಿ.ಮೀ.ಗೂ ತುಸು ಕಡಿಮೆ ದಪ್ಪದ್ದನ್ನು ಇಟ್ಟರೆ ಸೋವಿಯತ್ ಒಕ್ಕೂಟದ ಹೀಲಿಯೋಸ್‌ನಂಥ ಎಂ42 ತಿರುಪಿನ ಲೆನ್ಸುಗಳೂ ಕೂರುತ್ತವೆ. ಕೂರದೆ ಇರುವುದು ಕೆನಾನ್‌ನದೇ ಹಳೆಯ ‘ಎಫ್‌ಡಿ’ ಲೆನ್ಸುಗಳು. ಅವುಗಳಿಗೆ ಬೇಕಾದ ದೂರ 42 ಮಿ.ಮೀ. ಕ್ಯಾಮರಾ ಆಗಲೇ ಅದಕ್ಕಿಂತ 2 ಮಿ.ಮೀ. ಹೆಚ್ಚು ಆಳವಾಗಿರುವುದರಿಂದ, ನಡುವೆ ಇನ್ನೊಂದು ಗಾಜು ಸೇರಿಸದೆ ದೂರದ ಬೆಟ್ಟ ಎಂದೂ ಸ್ಪಷ್ಟವಾಗುವುದಿಲ್ಲ.

ಲೆನ್ಸ್ ಕೂತ ಮೇಲೆ ಫೋಟೊ ಬರುತ್ತದೆ, ಬಣ್ಣವೂ ಚೆನ್ನಾಗಿರುತ್ತದೆ. ತಕರಾರು ಹುಟ್ಟುವುದು ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದಾಗ. ಲೆನ್ಸಿನ ಫೋಕಸ್ ಉಂಗುರವನ್ನು ಕೈಯಿಂದ ತಿರುಗಿಸಿ ಮಗುವಿನ ಕಣ್ಣಿಗೆ ಫೋಕಸ್ ಮಾಡಿದ್ದರೆ ಕಿವಿಯ ಹತ್ತಿರದ ಕೂದಲು ಸ್ಪಷ್ಟವಾಗಿದೆ, ಕಣ್ಣು ಮಸುಕಾಗಿದೆ. ವ್ಯೂಫೈಂಡರಿನಲ್ಲಿ ನೋಡಿದಾಗ ರೆಪ್ಪೆ ಎಣಿಸುವಷ್ಟು ಸ್ಪಷ್ಟವಿತ್ತಲ್ಲ! ಇಲ್ಲಿ ಹೆಚ್ಚಿನವರು ಲೆನ್ಸಿಗೆ ವಯಸ್ಸಾಯಿತು ಎನ್ನುತ್ತಾರೆ, ಅಥವಾ ತಮ್ಮ ಕಣ್ಣಿಗೆ. ಎರಡೂ ಸಾಮಾನ್ಯವಾಗಿ ನಿರಪರಾಧಿಗಳು. ತಪ್ಪು ಇರುವುದು ವ್ಯೂಫೈಂಡರಿನ ಕಿಂಡಿಯಲ್ಲಿ, ಅದೂ ಬೇಕೆಂದೇ ಹಾಗೆ ಮಾಡಿಟ್ಟಿರುವ ತಪ್ಪು.

ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮರಾದೊಳಗೆ ಬೆಳಕಿಗೆ ಮೂರು ದಾರಿಗಳಿವೆ. ಲೆನ್ಸ್ ಹಾಯ್ದು ಬಂದ ಬೆಳಕಿಗೆ ಮೊದಲು ಎದುರಾಗುವುದು 45 ಡಿಗ್ರಿ ವಾಲಿಸಿ ನಿಲ್ಲಿಸಿದ ಕನ್ನಡಿ. ಅಲ್ಲಿಂದ ಹೆಚ್ಚಿನ ಪಾಲು ಮೇಲಕ್ಕೆ ಚಿಮ್ಮಿ ಫೋಕಸಿಂಗ್ ಸ್ಕ್ರೀನ್ ಎಂಬ ಮಂಜುಗಾಜಿನ ಮೇಲೆ ಬೀಳುತ್ತದೆ. ಆ ಗಾಜಿನ ಮೇಲಿನ ಚಿತ್ರವನ್ನೇ ಪೆಂಟಾಪ್ರಿಸಂ ನೇರ ಮಾಡಿ ನಮ್ಮ ಕಣ್ಣಿಗೆ ತಲುಪಿಸುವುದು. ಕನ್ನಡಿಯ ನಡುಭಾಗ ಅರೆಪಾರದರ್ಶಕ. ಅದರ ಮೂಲಕ ನುಸುಳಿದ ಸ್ವಲ್ಪ ಬೆಳಕನ್ನು ಹಿಂದಿನ ಇನ್ನೊಂದು ಪುಟ್ಟ ಕನ್ನಡಿ ಕ್ಯಾಮರಾದ ತಳದಲ್ಲಿರುವ ಆಟೊಫೋಕಸ್ ಘಟಕಕ್ಕೆ ಕಳಿಸುತ್ತದೆ. ಬಟನ್ ಒತ್ತಿದಾಗ ಎರಡೂ ಕನ್ನಡಿಗಳು ಮಡಚಿಕೊಂಡು ಮೇಲೇಳುತ್ತವೆ, ಬೆಳಕು ನೇರ ಸೆನ್ಸರ್ ಮೇಲೆ ಬೀಳುತ್ತದೆ. ಈ ಮೂರೂ ದಾರಿಗಳ ಉದ್ದ ಒಂದೇ ಆಗಿರಬೇಕು ಎನ್ನುವುದು ಎಸ್‌ಎಲ್‌ಆರ್ ವಿನ್ಯಾಸದ ಬುನಾದಿ. ಚಿತ್ರ ಮೂಡುವುದು ಮೂರನೆಯ ದಾರಿಯ ಕೊನೆಯಲ್ಲಿ. ನಾವು ನಂಬುವುದು ಮೊದಲನೆಯದನ್ನು, ಕ್ಯಾಮರಾ ನಂಬುವುದು ಎರಡನೆಯದನ್ನು.

ಉದ್ದ ‘ಒಂದೇ’ ಅಂದರೆ ಎಷ್ಟು ಒಂದೇ? ಲೆಕ್ಕ ಕಷ್ಟವಿಲ್ಲ. ಒಂದು ಬಿಂದು ಸೆನ್ಸರಿನ ಮೇಲೆ 0.03 ಮಿ.ಮೀ. ಅಗಲದ ಚುಕ್ಕೆಯಾಗಿ ಹರಡಿದರೂ ಸಾಧಾರಣ ಗಾತ್ರದ ಪ್ರಿಂಟಿನಲ್ಲಿ ಅದು ಬಿಂದುವಾಗಿಯೇ ಕಾಣುತ್ತದೆ ಎನ್ನುವುದು ಫಿಲ್ಮ್ ಕಾಲದ ಅಂದಾಜು. ಎಫ್ 1.4 ಅಪರ್ಚರಿನಲ್ಲಿ ಇದರ ಪ್ರಕಾರ ಸೆನ್ಸರ್ ಹಿಂದೆ ಮುಂದೆ ಆಗಲು ಇರುವ ಒಟ್ಟು ಅವಕಾಶ 0.084 ಮಿ.ಮೀ. ಹೆಚ್ಚುಕಡಿಮೆ ನಮ್ಮ ತಲೆಗೂದಲಿನ ದಪ್ಪ. 24 ಮೆಗಾಪಿಕ್ಸೆಲ್ಲಿನ ಫುಲ್‌ಫ್ರೇಮ್ ಸೆನ್ಸರಿನಲ್ಲಿ ಒಂದೊಂದು ಪಿಕ್ಸೆಲ್ಲಿನ ಅಗಲ 6 ಮೈಕ್ರಾನ್. ಅಂದರೆ ಆ 0.03 ಮಿ.ಮೀ. ಚುಕ್ಕೆ ಐದು ಪಿಕ್ಸೆಲ್‌ಗಳಷ್ಟು ಅಗಲ. ಕಂಪ್ಯೂಟರಿನಲ್ಲಿ ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ನೋಡುವವನಿಗೆ ಅದು ಬಿಂದುವಲ್ಲ, ಮಸುಕು. ಹಳೆಯ ಲೆನ್ಸ್ ಫಿಲ್ಮಿನಲ್ಲಿ ಚೆನ್ನಾಗಿತ್ತು, ಡಿಜಿಟಲ್ಲಿನಲ್ಲಿ ಕೆಟ್ಟಿತು ಎನ್ನುವ ದೂರಿನ ಅರ್ಧ ಪಾಲು ಇಲ್ಲಿಂದ ಬಂದದ್ದು. ಕೆಟ್ಟಿರುವುದು ಏನೂ ಇಲ್ಲ, ನಾವು ನೋಡುವ ದೂರ ಕಡಿಮೆಯಾಗಿದೆ ಅಷ್ಟೆ.

ಇದೇ ಲೆಕ್ಕವನ್ನು ಲೆನ್ಸಿನ ಹೊರಗಡೆಗೆ ತಿರುಗಿಸೋಣ. 50 ಮಿ.ಮೀ. ಲೆನ್ಸ್, ಎಫ್ 1.4, ಮುಖ 1 ಮೀಟರ್ ದೂರದಲ್ಲಿ. ಹಳೆಯ ಅಂದಾಜಿನಲ್ಲಿ ಸ್ಪಷ್ಟವಾಗಿ ಕಾಣುವ ಪಟ್ಟಿಯ ಒಟ್ಟು ಆಳ ಸುಮಾರು 32 ಮಿ.ಮೀ., ಮುಂದಕ್ಕೆ ಅರ್ಧ ಹಿಂದಕ್ಕೆ ಅರ್ಧ. ಎರಡು ಪಿಕ್ಸೆಲ್‌ಗಿಂತ ಹೆಚ್ಚು ಹರಡಬಾರದು ಎಂದು ಹಟ ಹಿಡಿದರೆ ಅದು 13 ಮಿ.ಮೀ.ಗೆ ಇಳಿಯುತ್ತದೆ. ಈಗ ಫೋಕಸಿಂಗ್ ಸ್ಕ್ರೀನ್ ತನ್ನ ಜಾಗದಿಂದ ಬರೀ 0.05 ಮಿ.ಮೀ. ಸರಿದಿದೆ ಎಂದುಕೊಳ್ಳಿ. ಹೊರಗಡೆ ಫೋಕಸ್ 18 ಮಿ.ಮೀ. ತಪ್ಪುತ್ತದೆ. ಕಣ್ಣು ಬಿಟ್ಟು ಹುಬ್ಬಿಗೋ ಕಿವಿಗೋ ಹೋಗಲು ಅಷ್ಟು ಧಾರಾಳವಾಗಿ ಸಾಕು.

ಹಳೆಯ ಕಾಲದವರು ಹಾಗಾದರೆ ಹೇಗೆ ನಿಭಾಯಿಸುತ್ತಿದ್ದರು? ಅವರ ಕಿಂಡಿಯೇ ಬೇರೆ ಇತ್ತು. ನಿಜವಾದ ಮಂಜುಗಾಜು ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಟೆಂಟ್ ಸಿನಿಮಾದ ಬಿಳಿ ಪರದೆ ಮುಂದೆ ನೆಲದ ಮೇಲೆ ಕೂತವನಿಗೂ, ಮೂಲೆಯ ಕುರ್ಚಿಯವನಿಗೂ ಕಾಣುತ್ತಿದ್ದದ್ದು ಹೀಗೆ ಚೆಲ್ಲುವುದರಿಂದಲೇ. ಎಲ್ಲರಿಗೂ ಹಂಚಿದಾಗ ಒಬ್ಬೊಬ್ಬನಿಗೆ ಸಿಗುವ ಬೆಳಕು ಕಡಿಮೆ. ಹಾಗಾಗಿ ಹಳೆಯ ಸ್ಕ್ರೀನ್ ಮಬ್ಬಾಗಿತ್ತು, ಆದರೆ ಲೆನ್ಸಿನ ಅಂಚಿನಿಂದ ಓರೆಯಾಗಿ ಬಂದ ಕಿರಣಗಳನ್ನೂ ಕಣ್ಣಿಗೆ ತಲುಪಿಸುತ್ತಿತ್ತು. ಫೋಕಸ್ ತಪ್ಪಿದಾಗ ಮಸುಕನ್ನು ಉಂಟುಮಾಡುವುದು ಮುಖ್ಯವಾಗಿ ಈ ಅಂಚಿನ ಕಿರಣಗಳೇ. ಅವು ಕಣ್ಣಿಗೆ ಬಂದರೆ ತಪ್ಪು ಕಾಣುತ್ತದೆ, ಬಾರದಿದ್ದರೆ ತಪ್ಪು ಅಡಗುತ್ತದೆ.

ಅದಲ್ಲದೆ ನಡುವೆ ಒಂದು ಚಿಕ್ಕ ವೃತ್ತವಿರುತ್ತಿತ್ತು, ಅಡ್ಡಲಾಗಿ ಸೀಳಿದ್ದು. ಸ್ಪ್ಲಿಟ್ ಇಮೇಜ್ ಎಂದು ಅದರ ಹೆಸರು. ಎದುರುಬದುರು ಓರೆಯಾಗಿ ಕೂರಿಸಿದ ಎರಡು ಗಾಜಿನ ತುಣುಕುಗಳು, ಒಂದು ಲೆನ್ಸಿನ ಎಡಬದಿಯ ಬೆಳಕನ್ನು ತೋರಿಸುತ್ತದೆ, ಇನ್ನೊಂದು ಬಲಬದಿಯದನ್ನು. ಫೋಕಸ್ ತಪ್ಪಿದ್ದರೆ ಕಂಬದ ಮೇಲರ್ಧ ಒಂದು ಕಡೆ, ಕೆಳಗಿನರ್ಧ ಇನ್ನೊಂದು ಕಡೆ ಜಾರಿರುತ್ತದೆ. ಉಂಗುರ ತಿರುಗಿಸುತ್ತ ಹೋದಂತೆ ಎರಡೂ ಬಂದು ಕೂಡಿಕೊಳ್ಳುತ್ತವೆ. ಇದರ ಚಮತ್ಕಾರ ಇರುವುದು ಗಾಜಿನಲ್ಲಲ್ಲ, ನಮ್ಮ ಮಿದುಳಿನಲ್ಲಿ. ಪಕ್ಕಪಕ್ಕದ ಎರಡು ಚುಕ್ಕೆಗಳನ್ನು ಬೇರೆಬೇರೆ ಎಂದು ಗುರುತಿಸಲು ಆರೋಗ್ಯವಂತ ಕಣ್ಣಿಗೆ ಅವುಗಳ ನಡುವೆ ಸುಮಾರು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಅಂತರ ಬೇಕು. ಆದರೆ ಒಂದು ಗೆರೆ ತುಂಡಾಗಿ ಪಕ್ಕಕ್ಕೆ ಸರಿದಿದೆಯೇ ಎಂದು ಹೇಳಲು ಅದಕ್ಕಿಂತ ಹಲವು ಪಟ್ಟು ಸಣ್ಣ ವ್ಯತ್ಯಾಸವೇ ಸಾಕು. ವರ್ನಿಯರ್ ಕ್ಯಾಲಿಪರ್ಸ್‌ನಲ್ಲಿ ಗೆರೆಗೆ ಗೆರೆ ಕೂಡಿಸಿ ಓದುವುದು ಸಾಧ್ಯವಾಗಿರುವುದೂ ಇದೇ ಸಾಮರ್ಥ್ಯದಿಂದ. ಮಸುಕು ಎಷ್ಟಿದೆ ಎಂದು ಅಳೆಯುವುದರಲ್ಲಿ ನಮ್ಮ ಕಣ್ಣು ದಡ್ಡ, ಗೆರೆ ಮುರಿದಿದೆಯೇ ಎಂದು ಹೇಳುವುದರಲ್ಲಿ ಮಹಾ ಚುರುಕು. ಸ್ಪ್ಲಿಟ್ ಇಮೇಜ್ ಮೊದಲನೆಯ ಪ್ರಶ್ನೆಯನ್ನು ಎರಡನೆಯದಾಗಿ ಬದಲಿಸಿ ಕೊಡುತ್ತಿತ್ತು.

1985ರಲ್ಲಿ ಮಿನೋಲ್ಟಾ 7000 ಬಂತು. ಆಟೊಫೋಕಸ್ ಕ್ಯಾಮರಾದೊಳಗೇ ಅಡಕವಾಯಿತು. ಮುಂದೆ ಫೋಕಸ್ ಕ್ಯಾಮರಾದ ಜವಾಬ್ದಾರಿ ಎಂದಾದ ಮೇಲೆ ಕಿಂಡಿಯಿಂದ ಜನ ಬಯಸಿದ್ದು ಒಂದೇ, ಪಳಪಳ ಹೊಳೆಯುವ ಚಿತ್ರ. ಅಗ್ಗದ ಝೂಮ್ ಲೆನ್ಸುಗಳ ಅಪರ್ಚರ್ ಎಫ್ 3.5ರಿಂದ 5.6, ಅಂಥ ಮಂದ ಬೆಳಕಿನಲ್ಲಿ ಮಂಜುಗಾಜು ಕತ್ತಲೆ ಕೋಣೆಯಂತಾಗುತ್ತದೆ. ತಯಾರಕರು ಗಾಜಿನ ಮೇಲೆ ಸೂಕ್ಷ್ಮ ಮಸೂರಗಳ ಹಾಸು ಮೂಡಿಸಿ, ಬೆಳಕು ಎಲ್ಲೆಡೆ ಚೆಲ್ಲದೆ ಕಣ್ಣಿನ ದಿಕ್ಕಿಗಷ್ಟೇ ಹೋಗುವಂತೆ ಮಾಡಿದರು. ಚಿತ್ರ ಬೆಳಗಿತು. ಜೊತೆಗೆ ಅಂಚಿನ ಕಿರಣಗಳು ಕಣ್ಣು ತಪ್ಪಿಸಿಕೊಂಡವು. ಸೀಳು ವೃತ್ತವೂ ಹೋಯಿತು.

ಇದನ್ನು ಪರೀಕ್ಷಿಸಲು ಯಾವ ಉಪಕರಣವೂ ಬೇಡ. ಎಫ್ 1.4ರ ಲೆನ್ಸ್ ಹಾಕಿ, ಅಪರ್ಚರ್ 2.8ಕ್ಕೆ ಇಟ್ಟು, ಡೆಪ್ತ್ ಆಫ್ ಫೀಲ್ಡ್ ನೋಡುವ ಗುಂಡಿ ಒತ್ತುತ್ತ ಬಿಡುತ್ತ ಕಿಂಡಿಯಲ್ಲಿ ನೋಡಿ. ಬೆಳಕು ಕಾಲು ಭಾಗಕ್ಕೆ ಇಳಿಯಬೇಕಿತ್ತು. ಹೆಚ್ಚಿನ ಡಿಎಸ್‌ಎಲ್‌ಆರ್‌ಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣುವುದಿಲ್ಲ. ಅಂದರೆ 1.4ರಿಂದ 2.8ರವರೆಗಿನ ಅಂಚಿನ ಬೆಳಕು ನಮ್ಮ ಕಣ್ಣಿಗೆ ಮೊದಲೂ ಬರುತ್ತಿರಲಿಲ್ಲ. ನಾವು ನೋಡುತ್ತಿದ್ದದ್ದು 2.8ರ ಚಿತ್ರ, ಸೆನ್ಸರ್ ಹಿಡಿದದ್ದು 1.4ರ ಚಿತ್ರ. ಕಿಂಡಿಯಲ್ಲಿ ಸ್ಪಷ್ಟವಾಗಿ ಕಾಣುವ ಪಟ್ಟಿ ನಿಜವಾದದ್ದಕ್ಕಿಂತ ಎರಡರಷ್ಟು ದಪ್ಪ. ದುಬಾರಿ ಲೆನ್ಸಿನ ಮಾಲೀಕರಿಗೆ ಈ ಪ್ರಯೋಗ ಅಷ್ಟೇನೂ ಹಿತವಾಗಿರುವುದಿಲ್ಲ.

ಅದರ ಮೇಲೆ ಕಿಂಡಿಯ ಗಾತ್ರ. 1970ರ ದಶಕದ ಒಲಿಂಪಸ್ ಓಎಂ-1ರಲ್ಲಿ 50 ಮಿ.ಮೀ. ಲೆನ್ಸ್ ಹಾಕಿದಾಗ ವಸ್ತುಗಳು ಬರಿಗಣ್ಣಿಗೆ ಕಾಣುವುದರ 0.92ರಷ್ಟು ದೊಡ್ಡದಾಗಿ ಕಾಣುತ್ತಿದ್ದವು. ಸಣ್ಣ ಸೆನ್ಸರಿನ ಈಗಿನ ಕ್ಯಾಮರಾದಲ್ಲಿ 0.8 ಎಂದು ಬರೆದಿದ್ದರೂ, ಸೆನ್ಸರಿನ 1.5 ಪಟ್ಟು ಕತ್ತರಿಯನ್ನು ಲೆಕ್ಕಕ್ಕೆ ಹಿಡಿದರೆ ಅದು ಹಳೆಯ ಅಳತೆಯ 0.53ಕ್ಕೆ ಸಮ.

ಇಷ್ಟಾದರೂ ಕಿಂಡಿಯನ್ನೇ ನಂಬಿ ಕೆಲಸ ಮಾಡುವವರಿಗೆ ಮೊದಲು ಹೇಳಬೇಕಾದ್ದು ಡಯಾಪ್ಟರ್ ಗಾಲಿಯ ವಿಷಯ. ಕಿಂಡಿಯನ್ನು ನಮ್ಮ ಕಣ್ಣಿಗೆ ಹೊಂದಿಸುವ ಅದು ಹೆಚ್ಚಿನ ಡಿಎಸ್‌ಎಲ್‌ಆರ್‌ಗಳಲ್ಲಿ ವ್ಯೂಫೈಂಡರಿನ ಪಕ್ಕದಲ್ಲೇ ಇರುತ್ತದೆ, ಬಹಳ ಮಂದಿ ಅದನ್ನು ಮುಟ್ಟಿಯೇ ಇರುವುದಿಲ್ಲ. ಲೆನ್ಸನ್ನು ಪೂರ್ತಿ ಫೋಕಸ್ ತಪ್ಪಿಸಿ, ಬಿಳಿ ಗೋಡೆಯನ್ನೋ ಆಕಾಶವನ್ನೋ ನೋಡುತ್ತ, ಸ್ಕ್ರೀನ್ ಮೇಲಿನ ಗೆರೆ ಚೌಕಗಳು ಕಪ್ಪಾಗಿ ಚೊಕ್ಕವಾಗಿ ಕಾಣುವವರೆಗೆ ತಿರುಗಿಸಬೇಕು. ನೋಡಬೇಕಾದ್ದು ಗೆರೆಗಳನ್ನು, ಎದುರಿನ ದೃಶ್ಯವನ್ನಲ್ಲ. ಎಳೆಯ ಕಣ್ಣು ತನ್ನ ಮಸೂರವನ್ನು ತಾನೇ ಉಬ್ಬಿಸಿ ತಗ್ಗಿಸಿ ಹೊಂದಿಸಿಕೊಳ್ಳುವುದರಿಂದ ಗಾಲಿ ತಪ್ಪಾಗಿದ್ದರೂ ಹೇಗೋ ಸುಧಾರಿಸುತ್ತದೆ, ದಣಿಯುತ್ತದೆ. ಚಾಳೀಸು ಬಂದವರಿಗೆ ಆ ಸವಲತ್ತಿಲ್ಲ.

ಹಳೆಯ ಥರದ ಸ್ಕ್ರೀನ್ ಬೇಕೆಂದರೆ ಕೆಲವು ಕ್ಯಾಮರಾಗಳಲ್ಲಿ ಬದಲಿಸಿಕೊಳ್ಳಬಹುದು. ಕೆನಾನ್ ತನ್ನ 5ಡಿಯಂಥ ಕ್ಯಾಮರಾಗಳಿಗೆ ದೊಡ್ಡ ಅಪರ್ಚರಿನ ಲೆನ್ಸುಗಳಿಗೆಂದೇ ಒರಟು ಮೇಲ್ಮೈಯ ಸ್ಕ್ರೀನ್ ಮಾರುತ್ತಿತ್ತು. ಸೀಳು ವೃತ್ತದ ಸ್ಕ್ರೀನುಗಳನ್ನು ಬೇರೆಯವರು ಮಾಡಿ ಮಾರುತ್ತಾರೆ. ಇವುಗಳಿಗೆ ಕೆಲವು ಮಿತಿಗಳಿವೆ. ಅಪರ್ಚರ್ 5.6ಕ್ಕಿಂತ ಕಿರಿದಾದ ಲೆನ್ಸ್ ಹಾಕಿದರೆ ವೃತ್ತದ ಒಂದರ್ಧ ಕಪ್ಪಾಗಿಬಿಡುತ್ತದೆ, ಏಕೆಂದರೆ ಗಾಜಿನ ತುಣುಕುಗಳು ಹುಡುಕುವ ಅಂಚಿನ ಬೆಳಕು ಅಲ್ಲಿ ಇರುವುದೇ ಇಲ್ಲ. ಸ್ಪಾಟ್ ಮೀಟರಿನ ಬೆಳಕಿನ ಲೆಕ್ಕವೂ ಏರುಪೇರಾಗಬಹುದು. ಇನ್ನು ಹೊಸ ಸ್ಕ್ರೀನಿನ ದಪ್ಪ ಹಳೆಯದಕ್ಕಿಂತ ತುಸು ಬೇರೆ ಇದ್ದರೂ ಆಗಲೇ ನೋಡಿದ 0.05 ಮಿ.ಮೀ. ಭೂತ ಎದ್ದು ಬರುತ್ತದೆ.

ಎರಡನೆಯ ದಾರಿಯಲ್ಲಿ ಹಸಿರು ಚುಕ್ಕೆಯ ಸಹಾಯವಿದೆ. ಮ್ಯಾನ್ಯುಯಲ್ ಲೆನ್ಸ್ ಹಾಕಿದ್ದರೂ ಹಲವು ಕ್ಯಾಮರಾಗಳಲ್ಲಿ ತಳದ ಆಟೊಫೋಕಸ್ ಘಟಕ ಎಚ್ಚರವಾಗಿಯೇ ಇರುತ್ತದೆ. ಫೋಕಸ್ ಸರಿಯಾಯಿತು ಎನಿಸಿದಾಗ ಕಿಂಡಿಯ ಕೆಳಗೆ ಚುಕ್ಕೆ ಹೊತ್ತುತ್ತದೆ. ಈ ಘಟಕ ಮಾಡುವುದೂ ಸೀಳು ವೃತ್ತದ ಕೆಲಸವನ್ನೇ, ಲೆನ್ಸಿನ ಎರಡು ಬದಿಯ ಚಿತ್ರಗಳು ಎಷ್ಟು ಜಾರಿವೆ ಎಂದು ಅಳೆಯುವುದು. ಆದರೆ ಚುಕ್ಕೆಗೆ ಒಂದು ಔದಾರ್ಯವಿದೆ. ಉಂಗುರವನ್ನು ನಿಧಾನ ತಿರುಗಿಸಿದರೆ ಅದು ಒಂದು ಬಿಂದುವಿನಲ್ಲಿ ಮಾತ್ರವಲ್ಲ, ಸ್ವಲ್ಪ ದೂರದವರೆಗೆ ಹೊತ್ತಿಕೊಂಡೇ ಇರುತ್ತದೆ. ಹತ್ತಿರದಿಂದ ತಿರುಗಿಸುತ್ತ ಬಂದು ಚುಕ್ಕೆ ಹೊತ್ತಿದ ಕೂಡಲೇ ನಿಲ್ಲಿಸಿದವರು ಪಟ್ಟಿಯ ಒಂದು ಅಂಚಿನಲ್ಲಿ ನಿಂತಿರುತ್ತಾರೆ. ದೂರದಿಂದ ಬಂದವರು ಇನ್ನೊಂದು ಅಂಚಿನಲ್ಲಿ. ಎರಡೂ ಕಡೆ ಚುಕ್ಕೆ ಆರುವ ಜಾಗಗಳನ್ನು ಬೆರಳಿಗೆ ಗೊತ್ತುಮಾಡಿಕೊಂಡು ನಡುವೆ ನಿಲ್ಲುವುದು ಲೇಸು. ಉಂಗುರ ಬಹಳ ತಿರುಗುವ ಹಳೆಯ ಲೆನ್ಸುಗಳಲ್ಲಿ ಇದು ಸುಲಭ. ಆಟೊಫೋಕಸ್ ಲೆನ್ಸುಗಳ ಉಂಗುರ ಮೋಟಾರಿನ ಅನುಕೂಲಕ್ಕೆಂದು ಚೂರೇ ಚೂರು ತಿರುಗುತ್ತದೆ, ಅಲ್ಲಿ ಕೂದಲೆಳೆಯ ಅಂತರ ಬೆರಳಿಗೆ ಸಿಗುವುದಿಲ್ಲ.

ಕಿಂಡಿ ಸರಿಯಿಲ್ಲವೋ, ಕೈ ಸರಿಯಿಲ್ಲವೋ ತೀರ್ಮಾನಿಸುವುದು ಹೇಗೆ? ಪ್ರಯೋಗಶಾಲೆಯ ಹಳೆಯ ಉಪಾಯವೇ ಇಲ್ಲೂ ನಡೆಯುತ್ತದೆ. ಕ್ಯಾಮರಾವನ್ನು ಟ್ರೈಪಾಡ್ ಮೇಲೆ ನಿಲ್ಲಿಸಿ, ಎದುರಿಗೆ ಒಂದು ಅಳತೆಪಟ್ಟಿಯನ್ನು ಓರೆಯಾಗಿ ಇಟ್ಟು, ಅದರ ನಡುವಿನ ಒಂದು ಗುರುತಿಗೆ ಕಿಂಡಿಯಲ್ಲಿ ನೋಡಿ ಫೋಕಸ್ ಮಾಡಿ, ಅಪರ್ಚರ್ ಪೂರ್ತಿ ತೆರೆದು ಫೋಟೊ ತೆಗೆಯಿರಿ. ಉಂಗುರವನ್ನು ಕೆಡಿಸಿ ಮತ್ತೆ ಮಾಡಿ, ಹೀಗೆ ಹಲವು ಸಲ. ಚಿತ್ರಗಳಲ್ಲಿ ಸ್ಪಷ್ಟ ಜಾಗ ಗುರುತಿನ ಆಚೆಗೊಮ್ಮೆ ಈಚೆಗೊಮ್ಮೆ ಬಿದ್ದಿದ್ದರೆ ಅದು ಕಣ್ಣು ಕೈಗಳ ತಡವರಿಕೆ, ಅಭ್ಯಾಸದಿಂದ ಕಡಿಮೆಯಾದೀತು. ಪ್ರತಿ ಸಲವೂ ಒಂದೇ ಕಡೆಗೆ, ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಪ್ಪಿದ್ದರೆ ಅದು ಸ್ಕ್ರೀನ್ ಅಥವಾ ಕನ್ನಡಿ ಜಾಗ ತಪ್ಪಿರುವುದರ ಗುರುತು. ಎಷ್ಟೇ ಅಭ್ಯಾಸ ಮಾಡಿದರೂ ಅದು ಹೋಗುವುದಿಲ್ಲ. ರಿಪೇರಿಯವರು ಸ್ಕ್ರೀನಿನ ಅಡಿ ಕಾಗದದಷ್ಟು ತೆಳುವಾದ ಲೋಹದ ಹಾಳೆ ಕೂರಿಸಿಯೋ ತೆಗೆದೋ ಸರಿಮಾಡುತ್ತಾರೆ. ಕನ್ನಡಿಯ ಕೋನ ತಿದ್ದುವ ಸ್ಕ್ರೂ ಕೆಲವು ಕ್ಯಾಮರಾಗಳಲ್ಲಿ ಕಣ್ಣಿಗೆ ಕಾಣುವಂತೆಯೇ ಇರುತ್ತದೆ. ಅದಕ್ಕೆ ಕೈ ಹಾಕದಿರುವುದು ಒಳ್ಳೆಯದು. ಚಿಕ್ಕ ಕನ್ನಡಿಯೂ ಅದರ ಜೊತೆಗೇ ಕದಲಿದರೆ ಆಟೊಫೋಕಸ್ ಕೂಡ ಹಾಳಾಗುತ್ತದೆ.

ಮೂರನೆಯ ದಾರಿ ಬಹುಕಾಲ ನಮಗೆ ಮುಚ್ಚಿತ್ತು. ಫಿಲ್ಮಿನ ಮೇಲೆ ಏನು ಬಿದ್ದಿದೆ ಎಂದು ಮೊದಲೇ ಇಣುಕಲು ಸಾಧ್ಯವಿರಲಿಲ್ಲ. 2006ರಲ್ಲಿ ಒಲಿಂಪಸ್ ಇ-330, ಅದರ ಮರುವರ್ಷ ಕೆನಾನ್ 40ಡಿ ಮತ್ತು ನಿಕಾನ್ ಡಿ300 ಲೈವ್ ವ್ಯೂ ತಂದವು. ಕನ್ನಡಿ ಮೇಲೆದ್ದೇ ಇರುತ್ತದೆ, ಸೆನ್ಸರ್ ಕಂಡದ್ದೇ ಹಿಂದಿನ ಪರದೆಯಲ್ಲಿ ಕಾಣುತ್ತದೆ. ಸ್ಕ್ರೀನ್ ಜಾರಿರಲಿ, ಕನ್ನಡಿ ವಾಲಿರಲಿ, ಇಲ್ಲಿ ಅದರ ಮಾತೇ ಇಲ್ಲ. ಚಿತ್ರವನ್ನು 10 ಪಟ್ಟು ಹಿಗ್ಗಿಸಿ ರೆಪ್ಪೆಯ ಮೇಲೆ ನಿಲ್ಲಿಸಿ ಉಂಗುರ ತಿರುಗಿಸಬಹುದು. ಬಟ್ಟೆಯ ನೇಯ್ಗೆ, ಹಕ್ಕಿಯ ಪುಕ್ಕದಂಥ ನವಿರು ವಿನ್ಯಾಸಗಳು ಸರಿಯಾದ ಜಾಗಕ್ಕೆ ಬಂದಾಗ ಪರದೆಯ ಮೇಲೆ ಮಿಣುಗುಟ್ಟುತ್ತವೆ, ಅದೇ ಸುಳಿವು. ಟ್ರೈಪಾಡ್ ಮೇಲಿನ ಕ್ಯಾಮರಾ, ಕದಲದ ವಸ್ತು, ಇವೆರಡೂ ಇದ್ದರೆ ನನ್ನ ಮಟ್ಟಿಗೆ ಬೇರೆ ವಿಧಾನಗಳ ಚರ್ಚೆಯೇ ಅನಗತ್ಯ.

ಲೈವ್ ವ್ಯೂನಲ್ಲೂ ಒಂದು ಹೊಂಡ ಇದೆ. ಹಳೆಯ ದೊಡ್ಡ ಅಪರ್ಚರಿನ ಲೆನ್ಸುಗಳಲ್ಲಿ ಅಂಚಿನಿಂದ ಬಂದ ಕಿರಣಗಳು ನಡುವಿನಿಂದ ಬಂದವುಗಳಿಗಿಂತ ಸ್ವಲ್ಪ ಮೊದಲೇ ಸೇರಿಬಿಡುತ್ತವೆ. ಗೋಳೀಯ ವಿಪಥನ ಎಂದು ಪಠ್ಯಪುಸ್ತಕಗಳು ಕರೆಯುವುದು ಇದನ್ನೇ. ಅಪರ್ಚರ್ ಪೂರ್ತಿ ತೆರೆದು ಫೋಕಸ್ ಮಾಡಿ, ಆಮೇಲೆ 2.8ಕ್ಕೆ ಇಳಿಸಿದರೆ ಅಂಚಿನ ಕಿರಣಗಳು ನಿಂತುಹೋಗಿ ಸ್ಪಷ್ಟ ಜಾಗ ತುಸು ಹಿಂದಕ್ಕೆ ಸರಿಯುತ್ತದೆ. 8ಕ್ಕೆ ಇಳಿಸಿದರೆ ಪಟ್ಟಿಯ ಆಳವೇ ಹೆಚ್ಚಾಗಿ ತಪ್ಪು ಮುಚ್ಚಿಹೋಗುತ್ತದೆ. ಕಾಡುವುದು ನಡುವಿನ ಅಪರ್ಚರುಗಳು. ಫೋಟೊ ತೆಗೆಯುವ ಅಪರ್ಚರಿನಲ್ಲೇ ಫೋಕಸ್ ಮಾಡಿದರೆ ಈ ಸಮಸ್ಯೆ ಇಲ್ಲ. ಹಸಿರು ಚುಕ್ಕೆಯೂ ಕೆಲವು ಲೆನ್ಸುಗಳಲ್ಲಿ ಯಾವಾಗಲೂ ಒಂದೇ ಕಡೆಗೆ ತಪ್ಪುವುದಕ್ಕೆ ಕಾರಣ ಇದೇ ಇರಬಹುದು: ಸಾಮಾನ್ಯವಾಗಿ ಅದು ನೋಡುವುದು 5.6ರಷ್ಟು ಕಿರಿದಾದ ಬೆಳಕಿನ ಶಂಕುವನ್ನು, ನಾವು ತೆಗೆಯುವುದು 1.4ರಲ್ಲಿ.

ಮಲೆನಾಡು, ಕರಾವಳಿಯ ಮಳೆಗಾಲ ಕಂಡ ಹಳೆಯ ಲೆನ್ಸ್ ಕೊಂಡವರು ಇದೆಲ್ಲಕ್ಕೂ ಮೊದಲು ಅದರ ಹಿಂದಿನಿಂದ ಟಾರ್ಚ್ ಬಿಟ್ಟು ನೋಡುವುದು ಒಳ್ಳೆಯದು. ಒಳಗಿನ ಗಾಜಿಗೆ ಫಂಗಸ್ ಹಿಡಿದಿದ್ದರೆ ಇಡೀ ಚಿತ್ರ ಹಾಲು ಚೆಲ್ಲಿದಂತೆ ಮಂಕಾಗಿ, ಯಾವ ದಾರಿಯಲ್ಲೂ ಫೋಕಸ್ ನಿರ್ಧರಿಸಲು ಆಗುವುದಿಲ್ಲ.

ಕ್ಯಾಮರಾ ಕೈಯಲ್ಲಿದ್ದಾಗ ಬೇರೆಯೇ ತಪ್ಪುಗಳು ಸೇರಿಕೊಳ್ಳುತ್ತವೆ. ನಡುವಿನ ಸೀಳು ವೃತ್ತದಲ್ಲಿ ಕಣ್ಣಿಗೆ ಫೋಕಸ್ ಮಾಡಿ, ಮುಖ ಒಂದು ಪಕ್ಕಕ್ಕೆ ಬರುವಂತೆ ಕ್ಯಾಮರಾ ತಿರುಗಿಸುವುದು ಎಲ್ಲರ ಅಭ್ಯಾಸ. ಫೋಕಸ್ ನಿಲ್ಲುವುದು ಸೆನ್ಸರಿಗೆ ಸಮಾನಾಂತರವಾದ ಒಂದು ಸಮತಲದಲ್ಲಿ. 1 ಮೀಟರ್ ದೂರದಲ್ಲಿ ಕ್ಯಾಮರಾ 20 ಡಿಗ್ರಿ ತಿರುಗಿದರೆ ಆ ಸಮತಲ ಕಣ್ಣಿನಿಂದ 6 ಸೆಂ.ಮೀ. ಹಿಂದೆ ಹೋಗುತ್ತದೆ. ನಮಗಿರುವ ಪಟ್ಟಿ ಒಟ್ಟು 3 ಸೆಂ.ಮೀ.! ಮಗುವಿನ ಕಿವಿಯ ಕೂದಲು ಸ್ಪಷ್ಟವಾಗಿ ಬಂದದ್ದು ಈ ಕಾರಣಕ್ಕೂ ಇದ್ದೀತು. ಇಂಥಲ್ಲಿ ಚೌಕಟ್ಟು ಮೊದಲು ಕಟ್ಟಿಕೊಂಡು, ಕಣ್ಣು ಎಲ್ಲಿದೆಯೋ ಅಲ್ಲೇ, ಸ್ಕ್ರೀನಿನ ಒರಟು ಭಾಗದಲ್ಲೇ ಫೋಕಸ್ ನೋಡುವುದು ಮೇಲು. ನಿಂತ ಮನುಷ್ಯ ಉಸಿರಾಡುತ್ತ ಹಿಂದೆ ಮುಂದೆ ತೂಗುವುದೂ ಈ ಪಟ್ಟಿಯನ್ನು ದಾಟಿಸಲು ಸಾಕು. ಹೂವು, ಕೀಟಗಳ ಹತ್ತಿರದ ಚಿತ್ರಗಳಲ್ಲಿ ಆ ತೂಗಾಟವನ್ನೇ ಬಳಸಿಕೊಳ್ಳುವ ರೂಢಿಯಿದೆ. ಉಂಗುರ ಮುಟ್ಟದೆ, ಇಡೀ ದೇಹವನ್ನು ಮೆಲ್ಲಗೆ ಮುಂದೆ ಬಾಗಿಸುತ್ತ ಸ್ಪಷ್ಟವಾಗುವ ಹೊತ್ತಿಗೆ ಸಾಲಾಗಿ ನಾಲ್ಕಾರು ಕ್ಲಿಕ್ ಮಾಡುವುದು.

ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ಹೆಸರು ತಂದ ಇ. ಹನುಮಂತರಾವ್, ಎಂ. ವೈ. ಘೋರ್ಪಡೆ, ಟಿ. ಎನ್. ಎ. ಪೆರುಮಾಳ್ ಅವರಂಥವರು ಕೆಲಸ ಶುರುಮಾಡಿದಾಗ ಆಟೊಫೋಕಸ್ ಎಂಬುದೇ ಇರಲಿಲ್ಲ. ಆ ಕಾಲದಲ್ಲಿ ಹಾರುವ ಹಕ್ಕಿಯ ಹಿಂದೆ ಉಂಗುರ ತಿರುಗಿಸುತ್ತ ಓಡುವುದಕ್ಕಿಂತ, ಅದು ಬಂದು ಕೂರುವ ಕೊಂಬೆಗೆ ಮೊದಲೇ ಫೋಕಸ್ ಮಾಡಿ ಮರೆಯಲ್ಲಿ ಕಾಯುವುದು ಹೆಚ್ಚು ಫಲ ಕೊಡುತ್ತಿತ್ತು. ಮ್ಯಾನ್ಯುಯಲ್ ಲೆನ್ಸಿನವರಿಗೆ ಈಗಲೂ ಅದೇ ದಾರಿ, ಗೂಡಿನ ಮುಂದೆ ಮಾತ್ರ ಕಾಯಬಾರದು.

ಆಕಾಶದ ನಕ್ಷತ್ರಗಳಿಗೆ ಉಂಗುರವನ್ನು ಅನಂತದ ಗುರುತಿಗೆ ಒತ್ತಿಬಿಟ್ಟರೆ ಸಾಕು ಎನಿಸುತ್ತದೆ. ಹಲವು ಟೆಲಿ ಲೆನ್ಸುಗಳ ಉಂಗುರ ಆ ಗುರುತನ್ನೂ ದಾಟಿ ತಿರುಗುವಂತೆ ಮಾಡಿರುತ್ತಾರೆ, ಬಿಸಿಲು ಚಳಿಗೆ ಲೋಹವೂ ಗಾಜೂ ಹಿಗ್ಗಿ ಕುಗ್ಗುವುದರಿಂದ. ಅಡಾಪ್ಟರ್ ಉಂಗುರ ಚೂರು ತೆಳುವಿದ್ದರೂ ಗುರುತು ಸುಳ್ಳಾಗುತ್ತದೆ. ಹಾಗಾಗಿ ಒಂದು ಪ್ರಕಾಶಮಾನ ನಕ್ಷತ್ರವನ್ನು ಲೈವ್ ವ್ಯೂನಲ್ಲಿ ಹಿಗ್ಗಿಸಿ, ಚುಕ್ಕೆ ಅತಿ ಚಿಕ್ಕದಾಗುವವರೆಗೆ ತಿರುಗಿಸುತ್ತಾರೆ. ರಷ್ಯಾದ ಹವ್ಯಾಸಿ ಖಗೋಳ ವೀಕ್ಷಕ ಪಾವೆಲ್ ಬಖ್ತಿನೋವ್ ರೂಪಿಸಿದ ಸೀಳುಗಳ ಮುಚ್ಚಳವನ್ನು ಲೆನ್ಸಿನ ಮುಂದೆ ಇಟ್ಟರೆ ಕೆಲಸ ಇನ್ನೂ ಸಲೀಸು. ಬೆಳಕು ಸೀಳುಗಳಲ್ಲಿ ಬಾಗಿ ನಕ್ಷತ್ರದ ಸುತ್ತ ಮೂರು ಗೆರೆ ಮೂಡಿಸುತ್ತದೆ, ಎರಡು ಒಂದನ್ನೊಂದು ಕತ್ತರಿಸುತ್ತವೆ, ಮೂರನೆಯದು ಸರಿಯಾಗಿ ಅವುಗಳ ನಡುವೆ ಹಾದರೆ ಫೋಕಸ್ ಆಯಿತು. ಇಲ್ಲೂ ಕಣ್ಣು ಅಳೆಯುವುದು ಗೆರೆಯ ಜಾಗವನ್ನು, ಮಸುಕನ್ನಲ್ಲ. ಉಂಗುರ ಕದಲದಂತೆ ಟೇಪ್ ಅಂಟಿಸುವ ರೂಢಿಯೂ ಇದೆ. ರಾತ್ರಿ ಏರಿದಂತೆ ಲೆನ್ಸ್ ತಣ್ಣಗಾಗಿ ಕುಗ್ಗುವುದರಿಂದ ಆಗಾಗ ಟೇಪ್ ಕಿತ್ತು ಮತ್ತೆ ಫೋಕಸ್ ನೋಡಬೇಕಾಗುತ್ತದೆ.